ಇಲಿ ಬಿದ್ದರೆ ಊರು ಬಿಡು: ಪ್ಲೇಗಿಗೆ ಜನ ಹುಡುಕಿದ ಮದ್ದು, ಹಾಕಿದ ಬೇಲಿ

ನೂರು ವರ್ಷಗಳ ಹಿಂದೆ ಮೈಸೂರು, ಧಾರವಾಡ ಕಡೆಯ ಹಳ್ಳಿಗಳಲ್ಲಿ ಅಟ್ಟದಿಂದ ಇಲಿಯೊಂದು ಸತ್ತು ಕೆಳಗೆ ಬಿದ್ದರೆ ಸಾಕು, ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು. 'ಇಲಿ ಬಿತ್ತು' ಅಂದರೆ ಬೇರೆ ವಿವರಣೆ ಬೇಕಿರಲಿಲ್ಲ. ಊರಿಗೆ ಊರೇ ಖಾಲಿಯಾಗಿ, ಜನ ಹೊಲಗಳಲ್ಲೂ ತೋಪುಗಳಲ್ಲೂ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಸಾಯುವ ಚಿತ್ರ ನೆನಪಿರುತ್ತದೆ. ಅದು ಬರೀ ಕತೆಯಲ್ಲ.

ಒಂದೂವರೆ ಸಾವಿರ ವರ್ಷಗಳಲ್ಲಿ ಪ್ಲೇಗಿಗೆ ಮನುಷ್ಯರು ಮಾಡಿದ ಉಪಾಯಗಳ ಪೈಕಿ ಊರು ಬಿಡುವುದು ತೀರಾ ಸರಳವಾದದ್ದು. ಫಲ ಕೊಟ್ಟ ಕೆಲವೇ ಉಪಾಯಗಳಲ್ಲಿ ಅದೂ ಒಂದು. ಇಪ್ಪತ್ತನೇ ಶತಮಾನದ ನಡುವೆ ಆ್ಯಂಟಿಬಯೋಟಿಕ್ ಬರುವ ತನಕ ರೋಗ ಹಿಡಿದವರನ್ನು ಖಂಡಿತವಾಗಿ ಬದುಕಿಸುವ ಮದ್ದು ಹಕೀಮರ ಬಳಿಯೂ ಇರಲಿಲ್ಲ, ವೈದ್ಯರ ಬಳಿಯೂ ಇರಲಿಲ್ಲ, ದೊಡ್ಡ ದೊಡ್ಡ ಯೂನಿವರ್ಸಿಟಿಗಳ ಬಳಿಯೂ ಇರಲಿಲ್ಲ. ಎಲ್ಲರ ಮುಂದೆ ಇದ್ದ ಪ್ರಶ್ನೆ ಒಂದೇ: ಇದ್ದಲ್ಲೇ ಇರಬೇಕಾ, ಹೋಗಬೇಕಾ? ಈ ಪ್ರಶ್ನೆಯನ್ನು ಜನರ ಜೊತೆ ಕೂತು ಬಿಡಿಸಿದ ಕಡೆ ಒಂದಷ್ಟು ಜೀವ ಉಳಿಯಿತು. ಲಾಠಿ ಹಿಡಿದು ಬಿಡಿಸಲು ಹೋದ ಕಡೆ ಜನ ರೋಗಿಗಳನ್ನೇ ಅಡಗಿಸಿಟ್ಟರು.

ರೋಗ ಹರಡುವುದು ಹೇಗೆ?

ಪ್ಲೇಗ್ ಮೂಲತಃ ಮನುಷ್ಯರ ಕಾಯಿಲೆ ಅಲ್ಲ. ಅದು ಇಲಿ, ಹೆಗ್ಗಣದಂಥ ಪ್ರಾಣಿಗಳದ್ದು. ಯೆರ್ಸಿನಿಯಾ ಪೆಸ್ಟಿಸ್ ಎಂಬ ಬ್ಯಾಕ್ಟೀರಿಯಾ ಇಲಿಯ ರಕ್ತದಲ್ಲಿ ಬೆಳೆಯುತ್ತದೆ. ಇಲಿಯ ಮೈಮೇಲಿನ ಚಿಗಟ ಆ ರಕ್ತ ಹೀರುತ್ತದೆ. ಇಲಿ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಚಿಗಟ ಬೇರೆ ಮೈ ಹುಡುಕಿಕೊಂಡು ಹೊರಡುತ್ತದೆ. ಹತ್ತಿರ ಮನುಷ್ಯ ಇದ್ದರೆ ಅವನನ್ನೇ ಕಚ್ಚುತ್ತದೆ. ಕೆಲವು ದಿನಗಳಲ್ಲಿ ಜೋರು ಜ್ವರ, ಚಳಿ, ತೊಡೆಸಂದಿನಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಮುಟ್ಟಿದರೆ ಜೀವ ಹೋಗುವಂಥ ನೋವಿನ ಗಡ್ಡೆ. ಚಿಕಿತ್ಸೆ ಸಿಗದಿದ್ದರೆ ಗಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ. ಶ್ವಾಸಕೋಶಕ್ಕೆ ಇಳಿದರೆ ಬದುಕುವವರು ತೀರಾ ಅಪರೂಪ. ಆಗ ಅದು ಕೆಮ್ಮಿನ ಹನಿಗಳಿಂದ ಮನುಷ್ಯರಿಂದ ಮನುಷ್ಯರಿಗೂ ನೇರವಾಗಿ ಹರಡುತ್ತದೆ.

ಈ ಸರಪಳಿ ಗೊತ್ತಾದದ್ದು 1894ರಿಂದ ಈಚೆಗೆ. ಅದಕ್ಕೆ ಮೊದಲಿನ ಎಲ್ಲರೂ ಕತ್ತಲಲ್ಲಿ ಕೈಯಾಡಿಸಿದವರು. ಆ ಕತ್ತಲಲ್ಲೂ ಕೆಲವರ ಕೈಗೆ ಸರಿಯಾದದ್ದೇ ಸಿಕ್ಕಿತು.

ಕ್ರಿ.ಶ. 541ರಲ್ಲಿ ಈಜಿಪ್ಟಿನಲ್ಲಿ ಕಾಣಿಸಿಕೊಂಡು ಮರುವರ್ಷ ಕಾನ್‌ಸ್ಟಾಂಟಿನೋಪಲ್ ಮುಟ್ಟಿದ ಪ್ಲೇಗನ್ನು ಕಣ್ಣಾರೆ ಕಂಡವನು ಇತಿಹಾಸಕಾರ ಪ್ರೊಕೋಪಿಯಸ್. ಸ್ನಾನದಿಂದ ಕೆಲವರು ಚೇತರಿಸಿಕೊಂಡರು, ಅದೇ ಸ್ನಾನದಿಂದ ಇನ್ನು ಕೆಲವರು ಸತ್ತರು ಎಂಬರ್ಥದ ಮಾತು ಅವನ ಬರಹದಲ್ಲಿದೆ. ವೈದ್ಯರು ಸತ್ತವರ ಗಡ್ಡೆ ಕೊಯ್ದು ನೋಡಿದರು, ಏನೂ ತಿಳಿಯಲಿಲ್ಲ.

ಸರ್ಗ್‌ನಿಂದ ಮರಳಿದ ಖಲೀಫ

ಅದಾಗಿ ನೂರು ವರ್ಷ ತುಂಬುವ ಮೊದಲೇ, 638-39ರ ಹೊತ್ತಿಗೆ, ಪ್ಲೇಗ್ ಶಾಮ್ ಪ್ರದೇಶದ ಮುಸ್ಲಿಂ ಸೈನ್ಯಕ್ಕೆ ಬಡಿಯಿತು. ಜೆರುಸಲೇಮ್ ಮತ್ತು ರಮ್ಲಾ ನಡುವಿನ ಅಮ್ವಾಸ್ ಎಂಬ ಊರಿನ ಹೆಸರಿನಿಂದ ಇದನ್ನು 'ತಾಊನ್ ಅಮ್ವಾಸ್' ಎನ್ನುತ್ತಾರೆ. ಖಲೀಫ ಉಮರ್(ರ) ಮದೀನಾದಿಂದ ಶಾಮ್‌ಗೆ ಹೊರಟಿದ್ದರು. ಸರ್ಗ್ ಎಂಬಲ್ಲಿ ಸೇನಾನಾಯಕರು ಎದುರಾಗಿ ಮುಂದೆ ರೋಗ ಇದೆ ಎಂದರು. ಉಮರ್(ರ) ಒಬ್ಬರೇ ತೀರ್ಮಾನ ಮಾಡಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕೇಳಿದರು, ಆಮೇಲೆ ಅನ್ಸಾರ್‌ಗಳನ್ನು, ಕೊನೆಗೆ ಕುರೈಷ್ ಹಿರಿಯರನ್ನು. ಮೊದಲ ಎರಡು ಗುಂಪಿನಲ್ಲಿ ಒಮ್ಮತ ಇರಲಿಲ್ಲ. ಹಿರಿಯರು ಮಾತ್ರ ಒಂದೇ ಸ್ವರದಲ್ಲಿ ಜನರನ್ನು ರೋಗದೊಳಗೆ ಕರೆದೊಯ್ಯಬೇಡಿ ಎಂದರು.

ವಾಪಸ್ ಹೋಗುವ ನಿರ್ಧಾರ ಪ್ರಕಟವಾದಾಗ ಅಬೂ ಉಬೈದಾ(ರ) ತಕರಾರು ಎತ್ತಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂಬುದು ಅವರ ಪ್ರಶ್ನೆ. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಉಮರ್(ರ) ಉತ್ತರಿಸಿದರು. ಕಣಿವೆಯ ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ತಾನೇ ಎಂಬ ಉದಾಹರಣೆಯನ್ನೂ ಕೊಟ್ಟರು. ಅಷ್ಟರಲ್ಲಿ ಬಂದ ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ಪ್ರವಾದಿ(ಸ)ಯವರ ಮಾತೊಂದನ್ನು ನೆನಪಿಸಿದರು: ಪ್ಲೇಗ್ ಇರುವ ಊರಿಗೆ ಹೋಗಬಾರದು, ಇರುವ ಊರಿಗೇ ಪ್ಲೇಗ್ ಬಂದರೆ ತಪ್ಪಿಸಿಕೊಳ್ಳಲು ಅಲ್ಲಿಂದ ಓಡಬಾರದು. 2020ರ ಲಾಕ್‌ಡೌನ್ ಕಾಲದಲ್ಲಿ ಈ ಹದೀಸನ್ನು ವಾಟ್ಸ್ಆ್ಯಪ್‌ನಲ್ಲಿ ನೋಡದವರು ಕಡಿಮೆ. ಆದರೆ ಅದರ ಹಿಂದಿನ ಸಮಾಲೋಚನೆಯ ಭಾಗ ಅಷ್ಟಾಗಿ ಫಾರ್ವರ್ಡ್ ಆಗಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅಬೂ ಉಬೈದಾ(ರ) ಅವರನ್ನು ಹೇಗಾದರೂ ಉಳಿಸಬೇಕೆಂದು ಉಮರ್(ರ) ಮದೀನಾಕ್ಕೆ ಕರೆಸಿಕೊಳ್ಳಲು ಪತ್ರ ಬರೆದರು. ಪತ್ರದ ಒಳಮರ್ಮ ತಿಳಿದ ಅವರು ಸೈನಿಕರನ್ನು ಬಿಟ್ಟು ಬರಲು ಒಪ್ಪಲಿಲ್ಲ. ತೀರಿಕೊಂಡರು. ಅವರ ನಂತರ ನಾಯಕತ್ವ ವಹಿಸಿದ ಮುಆದ್ ಬಿನ್ ಜಬಲ್(ರ) ಕೂಡ ಪ್ಲೇಗಿಗೇ ಬಲಿಯಾದರು. ಆಮೇಲೆ ಬಂದ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳ ಮೇಲೆ ಚದುರಿಸಿದರು. ರೋಗ ಇಳಿಯಿತು ಎನ್ನುತ್ತವೆ ಅರಬಿ ಇತಿಹಾಸಗಳು. ಧಾನ್ಯ ತುಂಬಿಟ್ಟ ಬಿಡಾರ ಬಿಟ್ಟು ಬಯಲು ಬೆಟ್ಟಕ್ಕೆ ಹೋದರೆ ಇಲಿ, ಚಿಗಟಗಳಿಂದಲೂ ದೂರ ಹೋದಂತೆ. ಹೊಲದಲ್ಲಿ ಜೋಪಡಿ ಹಾಕಿದ ಕನ್ನಡದ ರೈತರು ಸಾವಿರದ ಇನ್ನೂರೈವತ್ತು ವರ್ಷಗಳ ಬಳಿಕ ಮಾಡಿದ್ದೂ ಇದನ್ನೇ.

ಒಟ್ಟಾಗಿ ಪ್ರಾರ್ಥಿಸಿದ ದಿನದ ಲೆಕ್ಕ

1347ರಿಂದ ಯುರೋಪ್ ಮತ್ತು ಅರಬ್ ನಾಡುಗಳನ್ನು ಒಟ್ಟಿಗೆ ಗುಡಿಸಿದ 'ಕಪ್ಪು ಸಾವು' ಈ ಪ್ರಶ್ನೆಗಳನ್ನು ಮತ್ತೆ ಕೆದಕಿತು. ಮಂಗಳೂರಿಗೂ ಬಂದುಹೋಗಿದ್ದ ಪ್ರವಾಸಿ ಇಬ್ನ್ ಬತೂತ ಊರಿಗೆ ಮರಳುವ ದಾರಿಯಲ್ಲಿ 1348ರಲ್ಲಿ ಡಮಾಸ್ಕಸ್‌ನಲ್ಲಿದ್ದ. ಮೂರು ದಿನ ಉಪವಾಸ ಹಿಡಿದ ಇಡೀ ನಗರ ಬರಿಗಾಲಲ್ಲಿ ಮೆರವಣಿಗೆ ಹೊರಟದ್ದನ್ನು ಅವನು ಬರೆದಿದ್ದಾನೆ. ಮುಸ್ಲಿಮರ ಕೈಯಲ್ಲಿ ಕುರ್‌ಆನ್, ಯಹೂದಿಗಳ ಕೈಯಲ್ಲಿ ತೌರಾತ್, ಕ್ರೈಸ್ತರ ಕೈಯಲ್ಲಿ ಇಂಜೀಲ್. ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಇದರಿಂದಲೇ ಡಮಾಸ್ಕಸ್‌ನಲ್ಲಿ ಸಾವು ಕೈರೋದಷ್ಟು ಏರಲಿಲ್ಲ ಎಂದು ಅವನು ನಂಬಿದ್ದ.

ಎಂಬತ್ತು ವರ್ಷಗಳ ಮೇಲೆ ಕೈರೋದ ಹದೀಸ್ ವಿದ್ವಾಂಸ ಇಬ್ನ್ ಹಜರ್ ಅಲ್ ಅಸ್ಖಲಾನಿ ಬೇರೆಯೇ ಲೆಕ್ಕ ಬರೆದಿಟ್ಟರು. ಸ್ವಂತ ಹೆಣ್ಣುಮಕ್ಕಳನ್ನು ಪ್ಲೇಗಿನಲ್ಲಿ ಕಳೆದುಕೊಂಡವರು ಅವರು. 1430ರ ಪ್ಲೇಗಿನಲ್ಲಿ ಕೈರೋದ ಜನ ಮೂರು ದಿನ ಉಪವಾಸವಿದ್ದು ಊರ ಹೊರಗಿನ ಮರುಭೂಮಿಯಲ್ಲಿ ಸಾಮೂಹಿಕ ಪ್ರಾರ್ಥನೆಗೆ ಸೇರಿದರು. ಅದಕ್ಕೆ ಮೊದಲು ದಿನಕ್ಕೆ ನಲವತ್ತಕ್ಕಿಂತ ಕಡಿಮೆ ಸಾವು. ಸೇರಿ ಒಂದು ತಿಂಗಳು ಕಳೆಯುವುದರೊಳಗೆ ಸಾವಿರ ದಾಟಿತು. 1348ರ ಡಮಾಸ್ಕಸ್‌ನಲ್ಲೂ ಜನ ಸೇರಿದ ಮೇಲೆ ರೋಗ ಹೆಚ್ಚಿತೆಂದೇ ಅವರು ದಾಖಲಿಸಿದರು. ಇಬ್ನ್ ಹಜರ್ ಅಂಟುರೋಗದ ವಾದವನ್ನು ಒಪ್ಪಿದವರಲ್ಲ, ಪ್ಲೇಗ್ ಜಿನ್ನ್‌ಗಳ ಚುಚ್ಚುವಿಕೆಯಿಂದ ಬರುತ್ತದೆ ಎಂದೇ ಅವರ ನಂಬಿಕೆ. ಆದರೂ ಕಂಡ ಅಂಕಿಯನ್ನು ಮುಚ್ಚಿಡಲಿಲ್ಲ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ದುಆ ಮಾಡಲಿ, ಹೀಗೆ ಗುಂಪು ಸೇರುವುದಕ್ಕೆ ಆಧಾರವಿಲ್ಲ ಎಂಬುದು ಅವರ ನಿಲುವು.

ಅಂಟುತ್ತದೆ ಎಂದು ನೇರವಾಗಿ ಬರೆದವರು ಸ್ಪೇನಿನ ಗ್ರನಾಡದ ಮಂತ್ರಿ, ವೈದ್ಯ ಇಬ್ನ್ ಅಲ್ ಖತೀಬ್. ರೋಗಿಯ ಹತ್ತಿರ ಹೋದವರು ಸಾಯುತ್ತಾರೆ, ದೂರ ಇದ್ದವರು ಉಳಿಯುತ್ತಾರೆ. ಬಟ್ಟೆ, ಪಾತ್ರೆ, ಕಿವಿಯೋಲೆ ಕೂಡ ರೋಗ ತರುತ್ತವೆ. ಆರೋಗ್ಯವಾಗಿದ್ದ ಬಂದರಿಗೆ ರೋಗದ ಊರಿನ ಹಡಗು ಬಂದರೆ ರೋಗವೂ ಇಳಿಯುತ್ತದೆ. ಇಷ್ಟೆಲ್ಲ ಕಣ್ಣಿಗೆ ಕಾಣುತ್ತಿರುವಾಗ ಪಠ್ಯದ ಅರ್ಥವನ್ನೇ ಮತ್ತೆ ಪರಿಶೀಲಿಸಬೇಕು ಎಂದು ಅವರು ವಾದಿಸಿದರು. ಹದಿನಾಲ್ಕನೇ ಶತಮಾನದಲ್ಲಿ ಇದು ಸಣ್ಣ ಧೈರ್ಯವೇನಲ್ಲ.

ಮದ್ದಿನ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ದೋಣಿಯಲ್ಲಿದ್ದರು. ಗಾಳಿ ಕೆಟ್ಟಿದೆ ಅಂತ ಗಂಧ, ಕರ್ಪೂರ, ಅಂಬರ್ ಹೊಗೆ ಹಾಕುತ್ತಿದ್ದರು. ಆರ್ಮೇನಿಯದ ಕೆಂಪು ಮಣ್ಣನ್ನು ಕುಡಿಸುವುದು, ಗಡ್ಡೆಗೆ ಹಚ್ಚುವುದು, ವಿನೆಗರ್, ಲಿಂಬೆಯಂಥ ಹುಳಿ ತಿನ್ನಿಸುವುದು, ರಕ್ತ ತೆಗೆಯುವುದು, ತಾವೀಝ್ ಕಟ್ಟುವುದು ನಡೆಯುತ್ತಿತ್ತು. ಹತ್ತಾರು ಸಾಮಗ್ರಿ ಬೆರೆಸಿದ ತಿರ್ಯಾಖ್ ಎಂಬ ಲೇಹ್ಯವನ್ನು ಅರಬರೂ ನುಂಗಿದರು, ಯುರೋಪಿಯನ್ನರೂ ನುಂಗಿದರು. ಮಲಬಾರ್ ಮತ್ತು ತುಳುನಾಡಿನ ಮಸೀದಿ, ಮನೆಗಳಲ್ಲಿ ಇಂದಿಗೂ ಓದುವ ಮಂಖೂಸ್ ಮೌಲಿದ್ ಕೂಡ ಪೊನ್ನಾನಿಯಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಝೈನುದ್ದೀನ್ ಮಖ್ದೂಮ್ ಬರೆದದ್ದೆಂದು ಸಂಪ್ರದಾಯ ಹೇಳುತ್ತದೆ. ಮೈಸೂರು ಸೀಮೆಯಲ್ಲಿ ಅದೇ ಭಯದಿಂದ ಹುಟ್ಟಿದವಳು ಪ್ಲೇಗ್ ಮಾರಿಯಮ್ಮ.

ಯುರೋಪಿನ ನಲವತ್ತು ದಿನ

ಯುರೋಪಿನಲ್ಲಿ ಆಗಿದ್ದೇನು? 1348ರಲ್ಲಿ ಪ್ಯಾರಿಸ್‌ನ ವೈದ್ಯಕೀಯ ಪಂಡಿತರು ರಾಜನಿಗೆ ಕೊಟ್ಟ ವರದಿಯಲ್ಲಿ ರೋಗಕ್ಕೆ ಕಾರಣ ಮೂರು ವರ್ಷ ಹಿಂದಿನ ಶನಿ, ಗುರು, ಕುಜರ ಕೂಟ ಎಂದಿತ್ತು. ಬೀದಿಯ ಜನಕ್ಕೆ ಗ್ರಹಗಳಿಗಿಂತ ಹತ್ತಿರದ ಅಪರಾಧಿ ಬೇಕಿತ್ತು. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಆಗಿನ್ನೂ ಆ ನಗರಕ್ಕೆ ಪ್ಲೇಗ್ ಬಂದೇ ಇರಲಿಲ್ಲ. ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಪೋಪ್ ಆರನೇ ಕ್ಲೆಮೆಂಟ್ ಹೇಳಿದ್ದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ರೋಗಕ್ಕೆ ಒಂದು ಸಮುದಾಯದ ಹೆಸರು ಅಂಟಿಸುವ ಚಾಳಿ ಹೊಸದೇನಲ್ಲ.

ಬುದ್ಧಿವಂತಿಕೆಯ ಕೆಲಸ ನಡೆದದ್ದು ವ್ಯಾಪಾರಿ ಬಂದರುಗಳಲ್ಲಿ. 1377ರಲ್ಲಿ ರಗೂಸ, ಅಂದರೆ ಈಗಿನ ಕ್ರೊವೇಷಿಯಾದ ಡುಬ್ರೊವ್ನಿಕ್, ರೋಗವಿರುವ ಕಡೆಯಿಂದ ಬಂದವರನ್ನು ಮೂವತ್ತು ದಿನ ಹೊರಗೆ ಇರಿಸುವ ಕಾನೂನು ಮಾಡಿತು. ಮುಂದೆ ಅದು ನಲವತ್ತಾಯಿತು. ಇಟಲಿ ಭಾಷೆಯ 'ಕ್ವಾರಂತ', ಅಂದರೆ ನಲವತ್ತು, ಎಂಬ ಪದದಿಂದಲೇ ಕ್ವಾರಂಟೈನ್ ಬಂತು. 1423ರಲ್ಲಿ ವೆನಿಸ್ ಒಂದು ದ್ವೀಪದಲ್ಲಿ ಪ್ಲೇಗ್ ರೋಗಿಗಳಿಗಾಗಿಯೇ ಆಸ್ಪತ್ರೆ ಕಟ್ಟಿತು. ಬಾಗಿಲು ಮುಚ್ಚಿದ್ದು ಸರಿ, ಆದರೆ ಒಳಗಿದ್ದವರಿಗೆ ಅನ್ನ ನೀರು ಕೊಟ್ಟದ್ದು ಯಾರು ಅನ್ನುವುದೂ ಮುಖ್ಯ. ಲಂಡನ್‌ನಲ್ಲಿ 1665ರಲ್ಲಿ ರೋಗಿಯಿದ್ದ ಮನೆಗೆ ಕೆಂಪು ಶಿಲುಬೆ ಬಳಿದು, ಆರೋಗ್ಯವಂತರ ಸಮೇತ ನಲವತ್ತು ದಿನ ಬೀಗ ಹಾಕಿದರು. ಜನ ಕಾವಲುಗಾರರಿಗೆ ಲಂಚ ಕೊಟ್ಟು, ಗೋಡೆ ಒಡೆದು ಪಾರಾಗುತ್ತಿದ್ದರು. ಅದೇ ವರ್ಷ ನಗರಾಡಳಿತ ನಾಯಿ, ಬೆಕ್ಕುಗಳನ್ನು ಕೊಲ್ಲಿಸಿತು. ಇಲಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಲಂಡನ್ನಿನವರಿಗೆ ಕಾಣದ್ದು ಆಗ್ರಾದ ಒಬ್ಬ ಹೆಣ್ಣುಮಗಳ ಕಣ್ಣಿಗೆ ಬಿದ್ದಿತ್ತು. ಮೊಘಲ್ ಬಾದಶಹ ಜಹಾಂಗೀರ್ 1619ರ ಸುಮಾರಿಗೆ ತನ್ನ ಆತ್ಮಕತೆಯಲ್ಲಿ ಆಸಫ್ ಖಾನ್‌ನ ಮಗಳು ಹೇಳಿದ ಸಂಗತಿಯೊಂದನ್ನು ದಾಖಲಿಸಿದ್ದಾನೆ. ಅಂಗಳದಲ್ಲಿ ಒಂದು ಇಲಿ ಕುಡಿದವರಂತೆ ತೂರಾಡುತ್ತಿತ್ತು. ಹಿಡಿದ ಬೆಕ್ಕು ತಕ್ಷಣ ಬಿಟ್ಟುಬಿಟ್ಟಿತು. ಆಮೇಲೆ ಬೆಕ್ಕೂ ಕಾಯಿಲೆ ಬಿತ್ತು, ಮನೆಯ ದಾಸಿಯರೂ ಒಬ್ಬೊಬ್ಬರಾಗಿ ಮಲಗಿದರು. ವಿಜ್ಞಾನಿಗಳು ಇದೇ ಮಾತಿಗೆ ಬರಲು ಇನ್ನೂ 280 ವರ್ಷ ಬೇಕಾಯಿತು.

ಮುಂಬೈ 1896: ಫಿನಾಯಿಲು, ಸೈನ್ಯ, ಸೂಜಿ

ಭಾರತದಲ್ಲಿ ಪ್ಲೇಗ್ ಅಂದರೆ ಜನರ ನೆನಪಿಗೆ ಬರುವುದು 1896ರ ಮುಂಬೈಯಿಂದ ಶುರುವಾದ ಅಲೆ. ಹಾಂಕಾಂಗಿನಿಂದ ಹಡಗಿನಲ್ಲಿ ಬಂತು ಎನ್ನಲಾಗುವ ರೋಗ ಬಂದರಿನ ಪಕ್ಕದ ಮಾಂಡ್ವಿಯ ಧಾನ್ಯದ ಗೋದಾಮುಗಳ ನಡುವೆ ಬೇರೂರಿತು. ಸೆಪ್ಟೆಂಬರ್‌ನಲ್ಲಿ ಇದು ಪ್ಲೇಗೇ ಎಂದು ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೆಗಸ್. ಎರಡು ವರ್ಷ ಹಿಂದೆಯೇ ಅಲೆಕ್ಸಾಂಡರ್ ಯೆರ್ಸಿನ್ ಹಾಂಕಾಂಗಿನಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದರು. ಆದರೆ ಅದು ಹರಡುವ ದಾರಿ ಮಾತ್ರ ಇನ್ನೂ ತಿಳಿದಿರಲಿಲ್ಲ.

ಅಧಿಕಾರಿಗಳು ಕೊಳಕಿನ ಮೇಲೆ ಯುದ್ಧ ಹೂಡಿದರು. ಚರಂಡಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆ್ಯಸಿಡ್ ಬಿಟ್ಟರು. ಗೋಡೆಗೆ ಸುಣ್ಣ ಬಳಿದರು, ಬಿಸಿಲು ಬೀಳಲಿ ಎಂದು ಮಾಡಿನ ಹಂಚು ಕಿತ್ತರು, ಬಡವರ ಬಟ್ಟೆಬರೆ ಸುಟ್ಟರು. ಚರಂಡಿಯಲ್ಲಿದ್ದ ಇಲಿಗಳು ಮನೆಗಳಿಗೆ ನುಗ್ಗಿದವು. 1897ರ ಫೆಬ್ರವರಿಯಲ್ಲಿ ಬಂದ ಎಪಿಡೆಮಿಕ್ ಡಿಸೀಸಸ್ ಆ್ಯಕ್ಟ್ ಸರಕಾರಕ್ಕೆ ಯಾರ ಮನೆಗಾದರೂ ಹೊಕ್ಕು, ಯಾರನ್ನಾದರೂ ಎತ್ತಿಕೊಂಡು ಹೋಗುವ ಅಧಿಕಾರ ಕೊಟ್ಟಿತು. 2020ರಲ್ಲಿ ಕೋವಿಡ್‌ಗೆ ಬಳಸಿದ್ದೂ ಇದೇ ಕಾನೂನು.

ರೈಲು ನಿಲ್ದಾಣಗಳಲ್ಲಿ ಗಂಡಸು ಹೆಂಗಸೆನ್ನದೆ ಕಂಕುಳು, ತೊಡೆಸಂದು ಮುಟ್ಟಿ ನೋಡುವ ತಪಾಸಣೆ ನಡೆಯಿತು. ರೋಗಿಯನ್ನು ಆಸ್ಪತ್ರೆಗೆ ಒಯ್ದರೆ ಮನೆಯವರನ್ನು ಬೇರೆ ಕ್ಯಾಂಪಿಗೆ ಸಾಗಿಸುತ್ತಿದ್ದರು. ಸತ್ತವರ ದೇಹವನ್ನೂ ಪರೀಕ್ಷಿಸುವ ನಿಯಮ ಬಂತು. ಪರ್ದಾ ಪಾಲಿಸುವ ಮನೆಗಳಿಗೆ, ಮಯ್ಯಿತ್ತನ್ನು ಗೌರವದಿಂದ ಬೇಗ ದಫನ ಮಾಡಬೇಕೆನ್ನುವ ಜನಕ್ಕೆ ಇದು ರೋಗಕ್ಕಿಂತ ದೊಡ್ಡ ಭಯವಾಯಿತು. ಜಾತಿ ನಿಷ್ಠ ಹಿಂದೂಗಳಿಗೂ ಅದೇ ಸಂಕಟ. ಪರಿಣಾಮ, ರೋಗಿಗಳನ್ನು ಅಟ್ಟದಲ್ಲಿ, ಕಪಾಟಿನ ಹಿಂದೆ ಅಡಗಿಸಿಟ್ಟರು. ಅರ್ಧದಷ್ಟು ಮುಂಬೈ ಊರು ಬಿಟ್ಟು ಓಡಿತು, ಓಡಿದವರ ಗಂಟಿನ ಜೊತೆ ಚಿಗಟವೂ ಹೋಯಿತು.

ಪುಣೆಯಲ್ಲಿ ಪ್ಲೇಗ್ ಕಮಿಷನರ್ ರ‍್ಯಾಂಡ್ ಮನೆ ಮನೆ ಜಾಲಾಡಲು ಸೈನಿಕರನ್ನೇ ಇಳಿಸಿದ. 1897ರ ಜೂನ್ 22ರಂದು ಚಾಪೇಕರ್ ಸಹೋದರರು ಅವನಿಗೆ ಗುಂಡಿಕ್ಕಿದರು. ಅದೇ ಪುಣೆಯಲ್ಲಿ ಮಗ ಯಶವಂತ ತೆರೆದಿದ್ದ ಚಿಕಿತ್ಸಾ ಕೇಂದ್ರಕ್ಕೆ ರೋಗಿಗಳನ್ನು ತಾವೇ ಹೊತ್ತು ತರುತ್ತಿದ್ದ ಸಾವಿತ್ರಿಬಾಯಿ ಫುಲೆ ಮಾರ್ಚ್ 10ರಂದು ಪ್ಲೇಗಿನಿಂದಲೇ ತೀರಿಕೊಂಡಿದ್ದರು. ಮುಂಬೈಯ ಮದನಪುರದಲ್ಲಿ 1898ರ ಮಾರ್ಚ್ 9ರಂದು ಮುಸ್ಲಿಂ ನೇಕಾರರ ಮನೆಯ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ತಪಾಸಣೆ ಮಾಡಲು ಹೋದಾಗ ಗಲಭೆಯೇ ಆಯಿತು. ಗೋಲಿಬಾರ್ ನಡೆಯಿತು, ಜನ ಸತ್ತರು. ಆಮೇಲೆ ಸರಕಾರ ನಿಧಾನವಾಗಿ ಹಿಂದೆ ಸರಿಯಿತು. ತಪಾಸಣೆಗೆ ಹೆಂಗಸರನ್ನು ನೇಮಿಸುವುದು, ಆಯಾ ಸಮುದಾಯದವರೇ ತಮ್ಮ ಪ್ಲೇಗ್ ಆಸ್ಪತ್ರೆ ನಡೆಸುವುದು, ಹಕೀಮ, ವೈದ್ಯರನ್ನೂ ಜೊತೆಗೆ ಸೇರಿಸಿಕೊಳ್ಳುವುದು ಸಾಧ್ಯವಾಯಿತು. ಅಂಥ ಆಸ್ಪತ್ರೆಗಳಿಗೆ ಜನ ತಾವಾಗಿಯೇ ಬಂದರು. ಇಷ್ಟನ್ನು ಮೊದಲೇ ಮಾಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಹಜ್ ಯಾತ್ರೆಗೂ ಪೆಟ್ಟು ಬಿತ್ತು. ಯುರೋಪಿನ ದೇಶಗಳು 1897ರಲ್ಲಿ ವೆನಿಸ್‌ನಲ್ಲಿ ಸಭೆ ಸೇರಿ ಒತ್ತಡ ಹೇರಿದವು. ಮುಂಬೈಯಿಂದ ಹೊರಡುವ ಹಾಜಿಗಳ ಹಡಗುಗಳನ್ನು ಸರಕಾರ ನಿಲ್ಲಿಸಿತು. ಕೆಂಪು ಸಮುದ್ರದ ಕಮರಾನ್ ದ್ವೀಪದ ಕ್ವಾರಂಟೈನ್ ಕೇಂದ್ರ ಅದಕ್ಕೆ ಮೊದಲೇ ಭಾರತದ ಹಾಜಿಗಳಿಗೆ ಕಷ್ಟದ ಹೆಸರಾಗಿತ್ತು.

ಈ ಗದ್ದಲದ ನಡುವೆ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯಹೂದಿ ವಿಜ್ಞಾನಿ ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಲಸಿಕೆ ತಯಾರಿಸುತ್ತಿದ್ದರು. ಮಾಂಸದ ರಸದಲ್ಲಿ ರೋಗಾಣು ಬೆಳೆಸಿ, ಬಿಸಿ ಮಾಡಿ ಕೊಂದು ಚುಚ್ಚುವುದು ವಿಧಾನ. ದನದ ಮಾಂಸವಾದರೆ ಹಿಂದೂಗಳು ಒಪ್ಪಲಾರರು, ಹಂದಿಯದ್ದಾದರೆ ಮುಸ್ಲಿಮರು ಒಪ್ಪಲಾರರು. ಅದಕ್ಕೆ ಅವರು ಆಡಿನ ಮಾಂಸ ಬಳಸಿದರು. ರಸದ ಮೇಲೆ ತೇಲಿಸಿದ ತುಪ್ಪದ ಹನಿಯಿಂದ ಬ್ಯಾಕ್ಟೀರಿಯಾ ಬೇರಿನಂತೆ ಕೆಳಗೆ ಇಳಿದು ಚೆನ್ನಾಗಿ ಬೆಳೆಯುತ್ತಿತ್ತು. 1897ರ ಜನವರಿ 10ರಂದು ಮೊದಲ ಸೂಜಿಯನ್ನು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಬೈಕುಲ್ಲಾ ಜೈಲಿನ ಕೈದಿಗಳಲ್ಲಿ ಪ್ರಯೋಗ ನಡೆಯಿತು.

ಜನ ಹೆದರಿದ್ದರು. ಸೂಜಿಯಲ್ಲಿ ವಿಷ ಇದೆ, ಧರ್ಮ ಕೆಡಿಸುತ್ತಾರೆ ಎಂಬೆಲ್ಲ ಪುಕಾರು ಇತ್ತು. ಖೋಜಾಗಳ ಧರ್ಮಗುರು, ಇಪ್ಪತ್ತರ ಹರೆಯದ ಮೂರನೇ ಆಗಾ ಖಾನ್, ತನ್ನ ಜನರ ಎದುರಿಗೇ ಸೂಜಿ ಹಾಕಿಸಿಕೊಂಡರು. ಹಾಫ್‌ಕಿನ್‌ರ ಪ್ರಯೋಗಾಲಯಕ್ಕೆ ತಮ್ಮ ಖುಶ್ರೂ ಲಾಡ್ಜ್ ಕಟ್ಟಡವನ್ನೂ ಬಿಟ್ಟುಕೊಟ್ಟರು. ಸಾವಿರಾರು ಖೋಜಾಗಳು ಲಸಿಕೆ ಪಡೆದರು. ಯಾವ ಲಾಠಿಯೂ ಮಾಡದ ಕೆಲಸ ಇದು.

ಹುಬ್ಬಳ್ಳಿ, ಬೆಂಗಳೂರು, ಮಂಗಳೂರು

ಮುಂಬೈಯಿಂದ ರೈಲು ಹಿಡಿದು ಪ್ಲೇಗ್ ಹುಬ್ಬಳ್ಳಿಗೆ ಬಂತು. ಅಲ್ಲಿ 1898ರಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಹಾಫ್‌ಕಿನ್ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಚುಚ್ಚಿದರು. ಊರಿನ ಬಹುಪಾಲು ಜನ ಅದರಲ್ಲಿ ಸೇರಿದ್ದರು. ಧಾರವಾಡದ ಕಡೆ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕೆಲಸ ಮಾಡಿದರು. ಲಸಿಕೆ ರೋಗವನ್ನು ಪೂರ್ತಿ ತಡೆಯಲಿಲ್ಲ, ಆದರೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಇತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಅವರ ತಪ್ಪಲ್ಲ ಎಂದು ಒಪ್ಪಲು ಸರಕಾರಕ್ಕೆ 1907ರ ತನಕ ಬೇಕಾಯಿತು. ಅಷ್ಟರಲ್ಲಿ ಸೂಜಿಯ ಮೇಲಿನ ಜನರ ನಂಬಿಕೆ ಬಹಳ ಕುಸಿದಿತ್ತು.

ಬೆಂಗಳೂರಿಗೆ ರೋಗ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಅಗಲ ಬೀದಿ, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಈಗ ಕೋಟಿಗಟ್ಟಲೆ ಬೆಲೆಯ ಆ ಸೈಟುಗಳಿಗೆ ಆಗ ಜನ ಹೋದದ್ದು ಇಲಿಗೆ ಹೆದರಿ.

ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ರೋಗದ ಊರಿನಿಂದ ಮದ್ರಾಸ್ ಪ್ರಾಂತ್ಯಕ್ಕೆ ಬರುವವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಡುತ್ತಿದ್ದರು. ಅದನ್ನು ಪಡೆದವರು ಹತ್ತು ದಿನ ದಿನವೂ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಕಿರಿಕಿರಿಯೇ, ಆದರೂ ದಾರಿ ಬಂದ್ ಆಗುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಕಾಸರಗೋಡಿನ ರೋಗಿಗಳು ತೀರಿಕೊಂಡದ್ದನ್ನು ಕಂಡವರಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಮಂಗಳೂರಿಗೆ ಪ್ಲೇಗ್ ಬಂದಾಗ ಕಂಕನಾಡಿಯಲ್ಲಿ ಕುಷ್ಠರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ಫಾದರ್ ಅಗಸ್ಟ್ ಮುಲ್ಲರ್ 1902ರಲ್ಲಿ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ತೆರೆದರು. ಅವರು ಕೊಟ್ಟದ್ದು ಹೋಮಿಯೋಪಥಿ ಮದ್ದು. ಯಾರೂ ಮುಟ್ಟದ ರೋಗಿಗೆ ಒಂದು ಹಾಸಿಗೆ, ಗಂಜಿ, ಆರೈಕೆ ಸಿಕ್ಕಿತು ಅನ್ನುವುದೇ ಅಲ್ಲಿ ದೊಡ್ಡದು.

ಚಿಗಟ ಸಿಕ್ಕಿಬಿದ್ದದ್ದು

1898ರ ಜೂನ್‌ನಲ್ಲಿ ಕರಾಚಿಯ ಹೋಟೆಲ್ ಒಂದರಲ್ಲಿ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂಡ್ ಗಾಜಿನ ಭರಣಿಯಲ್ಲಿ ರೋಗದ ಇಲಿಯನ್ನಿಟ್ಟು, ಪಕ್ಕದಲ್ಲಿ ಜಾಲರಿಯ ಗೂಡಿನೊಳಗೆ ಆರೋಗ್ಯವಂತ ಇಲಿಯನ್ನಿಟ್ಟರು. ಒಂದನ್ನೊಂದು ಮುಟ್ಟಲಾಗದು, ಚಿಗಟ ಮಾತ್ರ ಹಾರಬಹುದು. ಎರಡನೇ ಇಲಿಯೂ ಪ್ಲೇಗಿನಿಂದ ಸತ್ತಿತು. ಆಗತಾನೇ ಸತ್ತ ಇಲಿ ಮುಟ್ಟಿದವರಿಗೆ ರೋಗ ಬರುತ್ತದೆ, ಸತ್ತು ಬಹಳ ಹೊತ್ತಾದದ್ದನ್ನು ಮುಟ್ಟಿದರೆ ಬರುವುದಿಲ್ಲ ಎಂಬುದನ್ನೂ ಅವರು ಗಮನಿಸಿದ್ದರು. ತಣ್ಣಗಾದ ಮೈಯನ್ನು ಚಿಗಟ ಬಿಟ್ಟು ಹೋಗಿರುತ್ತದಲ್ಲ. ಪಂಡಿತರು ನಕ್ಕರು. ಮುಂಬೈಯಲ್ಲಿ ಗ್ಲೆನ್ ಲಿಸ್ಟನ್ ಮತ್ತಿತರರ ಪ್ರಯೋಗಗಳಾಗಿ ಈ ಮಾತು ಪಕ್ಕಾ ಆಗಲು ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. 'ಇಲಿ ಬಿದ್ದರೆ ಊರು ಬಿಡು' ಎಂದ ಹಳ್ಳಿಯವರ ಲೆಕ್ಕ ಸರಿಯಿತ್ತೆಂದು ಆಗ ರುಜುವಾತಾಯಿತು. ಆ ಅಲೆಯಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು.

ಮದ್ದು ಬಂದದ್ದು ಅದಕ್ಕೂ ತಡವಾಗಿ. ಯೆರ್ಸಿನ್ ಕುದುರೆಯ ರಕ್ತದಿಂದ ಮಾಡಿದ ಸೀರಮ್ ಮುಂಬೈಯಲ್ಲಿ ನಿರಾಸೆ ತಂದಿತ್ತು. 1930ರ ದಶಕದ ಸಲ್ಫಾ ಮಾತ್ರೆಗಳು, 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಎಲ್ಲವನ್ನೂ ಬದಲಿಸಿದವು. ಯುದ್ಧದ ನಂತರ ಡಿಡಿಟಿ ಸಿಂಪಡಣೆ ಚಿಗಟಗಳನ್ನು ಮುಗಿಸಿತು. ಸಾವಿರಾರು ವರ್ಷಗಳ ಗಡ್ಡೆ ಒಂದು ಇಂಜೆಕ್ಷನ್ನಿಗೆ ಕರಗತೊಡಗಿತು.

ಭಯ ಮಾತ್ರ ಕರಗಲಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರೈಲು ಹತ್ತಿ ಓಡಿದರು. ಮೆಡಿಕಲ್ ಶಾಪ್‌ಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿಯಾಯಿತು. ಹಲವು ಗಲ್ಫ್ ರಾಷ್ಟ್ರಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು. ಸತ್ತವರು ಐವತ್ತರ ಆಸುಪಾಸು. 2017ರಲ್ಲಿ ಮಡಗಾಸ್ಕರ್‌ನಲ್ಲಿ 2,417 ಪ್ರಕರಣಗಳು ವರದಿಯಾಗಿ 209 ಮಂದಿ ಸತ್ತರು.

ಈಗ ಪ್ಲೇಗ್ ಶಂಕೆ ಬಂದ ಕೂಡಲೇ, ಲ್ಯಾಬ್ ವರದಿಗೆ ಕಾಯದೆ, ಜೆಂಟಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಹತ್ತಿರ ಇದ್ದವರಿಗೂ ಒಂದು ವಾರ ಮಾತ್ರೆ. ಮೊದಲ ದಿನವೇ ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಹಾಫ್‌ಕಿನ್ ಲಸಿಕೆ ಈಗ ಬಳಕೆಯಲ್ಲಿಲ್ಲ.

ಸೂರತ್‌ಗೆ ಮುಂಚೆ ಭಾರತದಲ್ಲಿ ಲ್ಯಾಬ್‌ನಲ್ಲಿ ದೃಢಪಟ್ಟ ಕೊನೆಯ ಮನುಷ್ಯ ಪ್ರಕರಣ 1966ರದ್ದು, ಅದು ಕರ್ನಾಟಕದಲ್ಲೇ. ಕೋಲಾರ, ಆಂಧ್ರದ ಚಿತ್ತೂರು, ತಮಿಳುನಾಡಿನ ಹೊಸೂರು ಸೀಮೆಗಳು ಕೂಡುವ ಗಡಿ ಪ್ರದೇಶದ ಕಾಡು ಇಲಿಗಳ ಮೇಲೆ ಇಂದಿಗೂ ಬೆಂಗಳೂರಿನ ಪ್ಲೇಗ್ ಕಣ್ಗಾವಲು ಘಟಕ ನಿಗಾ ಇಟ್ಟಿದೆ. ಸಿಬ್ಬಂದಿ ಹಳ್ಳಿಗಳಲ್ಲಿ ಬೋನು ಇಟ್ಟು ಇಲಿ ಹಿಡಿಯುತ್ತಾರೆ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ, ಮೈ ಬಾಚಿ ಒಂದೊಂದು ಇಲಿಯ ಮೇಲೆ ಎಷ್ಟು ಚಿಗಟ ಇದೆ ಎಂದು ಎಣಿಸಿ ಬರೆದಿಡುತ್ತಾರೆ.